ಪುಡಿ ಮಾಡಬಾರದ ಮಾತ್ರೆ

ಜೂನ್ ೪

ಫಾರ್ಮಸಿಸ್ಟ್ ಮೇಡಂ ಅವರಿಗೆ,

ನಿನ್ನ ಕಾಗದ ಬಂತು. ಮೂರು ಪುಟ. ಎರಡೂವರೆ ಪುಟ ನೀನು ಸೇರಿರುವ ದೊಡ್ಡ ಆಸ್ಪತ್ರೆಯ ವರ್ಣನೆ, ಮಿಕ್ಕ ಅರ್ಧ ಪುಟ ನನ್ನ ಮಂಡಿನೋವಿನ ವಿಚಾರಣೆ. ಮಂಡಿ ಹಾಗೇ ಇದೆ. ಕಿವಿಯೂ ಹಾಗೇ ಇದೆ. ನೀನು ಫೋನಿನಲ್ಲಿ ಕಿರುಚುವುದು, ನಾನು "ಏನು? ಏನು?" ಎನ್ನುವುದು, ಬೀದಿಗೆಲ್ಲ ನಮ್ಮ ಮನೆ ವಿಷಯ ತಿಳಿಯುವುದು ಬೇಡವೆಂದೇ ನಾನು ಕಾಗದ ಬರೆ ಎಂದದ್ದು. ಹಾಗೆಂದು ಆಸ್ಪತ್ರೆಯ ಲಿಫ್ಟು ಎಷ್ಟು ದೊಡ್ಡದು ಎಂದೆಲ್ಲ ಬರೆಯಬೇಕಾಗಿಲ್ಲ.

ಹಳೆಯ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ನೀನು ಒಂಬತ್ತು ವರ್ಷ ಕೆಲಸ ಮಾಡಿದೆ. ಅದರ ಮುಖ್ಯಸ್ಥೆಯಾಗುವ ಹೊತ್ತಿಗೆ ಸರಿಯಾಗಿ ಎದ್ದು ಹೊರಟೆ. ಮೂವತ್ತನಾಲ್ಕನೇ ವಯಸ್ಸಿನಲ್ಲಿ ಮತ್ತೆ ಎರಡು ವರ್ಷ ವಿದ್ಯಾರ್ಥಿನಿ. ಏನಾಗಲು? ಐಸಿಯು ಫಾರ್ಮಸಿಸ್ಟ್. ನಿನ್ನ ಚಿಕ್ಕಮ್ಮನಿಗೆ ಹೇಳಿದೆ. "ಅಂದ್ರೆ ಐಸಿಯು ಒಳಗೇ ಮೆಡಿಕಲ್ ಸ್ಟೋರ್ ಇಡ್ತಾಳಾ ಅಕ್ಕಾ?" ಎಂದಳು. ಅವಳು ದಡ್ಡಿ, ನಿನಗೂ ಗೊತ್ತು. ಆದರೆ ನಾನೂ ಇರಬಹುದು ಎಂದೆ.

ಮೂವತ್ತೊಂದು ವರ್ಷ ವಾರ್ಡಿನಲ್ಲಿ ನಿಂತವಳು ನಾನು, ಅದರಲ್ಲಿ ಹದಿನೈದು ವರ್ಷ ಸಿಸ್ಟರ್ ಇನ್‌ಚಾರ್ಜ್ ಆಗಿ. ಅಷ್ಟೂ ವರ್ಷದಲ್ಲಿ ಒಬ್ಬನೇ ಒಬ್ಬ ಫಾರ್ಮಸಿಸ್ಟ್ ನಮ್ಮ ವಾರ್ಡಿನ ಹೊಸ್ತಿಲು ದಾಟಿದ್ದನ್ನು ನೋಡಲಿಲ್ಲ. ನಮಗೆ ಗೊತ್ತಿದ್ದವನು ಕಿಟಕಿಯಣ್ಣ. ಕೆಳಗಿನ ಮಹಡಿಯಲ್ಲಿ ಕಂಬಿ ಹಾಕಿದ ಕಿಟಕಿ, ಅದರ ಹಿಂದೆ ಒಂದು ಮುಖ. ಚೀಟಿ ಕೊಟ್ಟರೆ ಅರ್ಧ ಔಷಧಿ ಕೊಟ್ಟು ಮಿಕ್ಕಿದ್ದಕ್ಕೆ "ಸ್ಟಾಕ್ ಇಲ್ಲ" ಎನ್ನುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಅವನು ಆಡಿದ ಮಾತು ಅದೊಂದೇ. ಡ್ರಿಪ್ ಬೆರೆಸಿದವರು ನಾವು, ಹನಿ ಎಣಿಸಿದವರು ನಾವು, ಮಾತ್ರೆ ಪುಡಿ ಮಾಡಿ ನುಂಗಿಸಿದವರು ನಾವು. ರೋಗಿಗಳು ಬದುಕಿದರು, ಸತ್ತರು. ಕಿಟಕಿಯಣ್ಣ ಹತ್ತಿ ಬರಲಿಲ್ಲ ಎಂದು ಯಾರೂ ಅತ್ತದ್ದು ನೆನಪಿಲ್ಲ.

ನೀನು ಮೇಲೆ ಹತ್ತಿ ಬಂದು ಏನು ಮಾಡುತ್ತೀ? ಅದನ್ನು ಬರೆ. ಲಿಫ್ಟಿನ ಸಮಾಚಾರ ಬೇಡ.

ಅಮ್ಮ


ಜೂನ್ ೨೦

ಅಮ್ಮಾ,

ಚಿಕ್ಕಮ್ಮನಿಗೆ ಹೇಳು, ಸ್ಟೋರ್ ಇಟ್ಟ ದಿನ ಮೊದಲ ಗಿರಾಕಿ ಅವಳೇ.

ಇಲ್ಲಿ ನನಗಿರುವ ಮರ್ಯಾದೆ ಕೇಳಿದರೆ ನಿನಗೆ ಖುಷಿಯಾಗುತ್ತದೆ. ಹನ್ನೆರಡು ಹಾಸಿಗೆಯ ಐಸಿಯು. ಬೆಳಿಗ್ಗೆ ಎಂಟಕ್ಕೆ ರೌಂಡ್ಸ್. ಮುಂದೆ ಮುಖ್ಯ ಡಾಕ್ಟರು. ಇವರನ್ನು ಬೆನ್ನ ಹಿಂದೆ ಎಲ್ಲರೂ ಮಹಾರಾಜ ಎನ್ನುತ್ತಾರೆ. ನಡೆಯುವಾಗ ಕೈ ಹಿಂದಕ್ಕೆ ಕಟ್ಟಿರುತ್ತಾರೆ, ಫೈಲನ್ನು ಬೇರೆಯವರು ತೆರೆದು ಹಿಡಿಯಬೇಕು. ಅವರ ಹಿಂದೆ ಸಣ್ಣ ಡಾಕ್ಟರುಗಳು, ಆಮೇಲೆ ಸಿಸ್ಟರ್‌ಗಳು, ಆಮೇಲೆ ವೆಂಟಿಲೇಟರ್ ನೋಡುವವರು. ಕಟ್ಟಕಡೆಗೆ ನನ್ನ ಗೈಡ್, ಎಂದರೆ ನನಗೆ ಕಲಿಸುವ ಹಿರಿಯ ಫಾರ್ಮಸಿಸ್ಟ್, ಅವರ ಬೆನ್ನಿಗೆ ನಾನು. ಮೊದಲ ದಿನ ಮಹಾರಾಜರು ತಿರುಗಿ ನೋಡಿ, "ಇವರ್ಯಾರು? ಸ್ಟಾಕ್ ನೋಡೋರಾ?" ಎಂದರು.

"ಔಷಧಿ ನೋಡೋರು ಸಾರ್," ಎಂದರು ಗೈಡ್.

"ಅದೇ ಹೇಳಿದ್ದು. ಸ್ಟಾಕು."

ಎಲ್ಲರೂ ನಕ್ಕರು. ಅವತ್ತಿಂದ ನಾನು ಸ್ಟಾಕ್ ಮೇಡಂ.

ಗೈಡ್ ಮಾತ್ರ ನಗಲಿಲ್ಲ. ಅವರಿಗೆ ಐವತ್ತು ದಾಟಿದೆ, ಜೇಬಿನಲ್ಲಿ ಯಾವಾಗಲೂ ಒಂದು ಕೆಂಪು ಪೆನ್ನು. ಮೊದಲ ವಾರ ನನ್ನನ್ನು ಮೂರನೇ ಹಾಸಿಗೆಯ ಪಕ್ಕ ಒಂದು ಸ್ಟೂಲಿನ ಮೇಲೆ ಕೂರಿಸಿದರು. ಆ ರೋಗಿಯ ಮೈಯೊಳಗೆ ಹೋಗುವ ಪ್ರತಿ ಹನಿ, ಹೊರಗೆ ಬರುವ ಪ್ರತಿ ಹನಿ ಬರೆಯಬೇಕು. ಬಾಯಿ ಬಿಡಬಾರದು. ವಾರದ ಕೊನೆಗೆ ಹೇಳಿದರು: "ಇವರಿಗೆ ದಿನಕ್ಕೆ ಹತ್ತೊಂಬತ್ತು ಔಷಧಿ. ಒಂದೊಂದಕ್ಕೂ ಐದು ಪ್ರಶ್ನೆ ಕೇಳ್ಕೋ. ಬೇಕಾ? ಎಷ್ಟು? ಯಾವ ದಾರೀಲಿ? ಯಾವುದರ ಜೊತೆ ಜಗಳ ಆಡುತ್ತೆ? ಯಾವತ್ತು ನಿಲ್ಸೋದು? ಉತ್ತರ ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನು. ಊಹೆ ಮಾಡಿದ್ರೆ ಅವತ್ತೇ ಮನೆಗೆ ಕಳಿಸ್ತೀನಿ."

ನಿನ್ನ ಪ್ರಶ್ನೆಗೆ ಇದೇ ಉತ್ತರ. ಕಿಡ್ನಿ ಅರ್ಧ ಕೆಟ್ಟವನಿಗೆ ಪೂರ್ತಿ ಡೋಸ್ ಹೋಗುತ್ತಿದ್ದರೆ ನಾನು ಹಿಡಿಯಬೇಕು. ಒಂದೇ ನಳಿಗೆಯಲ್ಲಿ ಸೇರಬಾರದ ಎರಡು ಡ್ರಿಪ್ ಸೇರಿಸಿದರೆ ಒಳಗೆ ಒಡೆದ ಹಾಲಿನ ಹಾಗೆ ಆಗುತ್ತದೆ, ಅದನ್ನು ಆಗುವ ಮೊದಲೇ ತಡೆಯಬೇಕು. ಡಾಕ್ಟರು ಕಾಯಿಲೆ ನೋಡುತ್ತಾರೆ, ಸಿಸ್ಟರ್ ರೋಗಿಯನ್ನು ನೋಡುತ್ತಾರೆ, ಔಷಧಿಯನ್ನು ಯಾರೂ ನೋಡುವುದಿಲ್ಲ.

ನಿನ್ನ ಜಾತಿಯವರ ಕಥೆ ಕೇಳು. ಮೊನ್ನೆ ಇಲ್ಲೊಬ್ಬ ಎತ್ತರದ ಸಿಸ್ಟರ್, ಹದಿನೆಂಟು ವರ್ಷದ ಸರ್ವೀಸು, ಬಿಪಿಯ ಮಾತ್ರೆಯೊಂದನ್ನು ಪುಡಿ ಮಾಡುತ್ತಿದ್ದರು, ರೋಗಿಯ ಮೂಗಿನ ಟ್ಯೂಬಿಗೆ ಹಾಕಲು. ಅದು ಇಡೀ ದಿನ ನಿಧಾನವಾಗಿ ಕರಗಲೆಂದೇ ಮಾಡಿದ ಮಾತ್ರೆ. ಪುಡಿ ಮಾಡಿದರೆ ಇಡೀ ದಿನದ ಔಷಧಿ ಒಂದೇ ಸಲಕ್ಕೆ ರಕ್ತಕ್ಕೆ ನುಗ್ಗುತ್ತದೆ. ನಾನು ಕೈ ಹಿಡಿದು ನಿಲ್ಲಿಸಿದೆ. "ಯಾವಾಗ್ಲೂ ಹೀಗೇ ಮಾಡೋದಮ್ಮ," ಎಂದರು, ನನಗೇ ಪಾಠ ಹೇಳುವವರ ಹಾಗೆ. ಯಾವಾಗಲೂ ಅಂತೆ! ಇಷ್ಟೂ ಗೊತ್ತಿಲ್ಲದವರ ಕೈಗೆ ಜೀವ ಕೊಟ್ಟು ಮನೆಯವರು ಹೊರಗೆ ಬೆಂಚಿನ ಮೇಲೆ ಕೂತಿರುತ್ತಾರೆ.

ನಿನ್ನ ಮಗಳು


ಜುಲೈ ೨

ಮಗಳೇ,

ಓದಿದೆ. ಭೇಷ್. ಸ್ಟೂಲಿನ ಮೇಲೆ ಒಂದು ವಾರ ಕೂತವಳು ಹದಿನೆಂಟು ವರ್ಷ ನಿಂತವಳ ಕೈ ಹಿಡಿದಳು.

ಆ ಎತ್ತರದ ಸಿಸ್ಟರ್‌ಗೆ ಅವತ್ತು ಎಷ್ಟು ರೋಗಿಗಳಿದ್ದರು, ಕೇಳಿದೆಯಾ? ಎಷ್ಟು ಹೊತ್ತಿನಿಂದ ನೀರು ಕುಡಿದಿರಲಿಲ್ಲ, ಕೇಳಿದೆಯಾ? ನಮ್ಮ ವಾರ್ಡಿನಲ್ಲಿ ನಲವತ್ತು ಹಾಸಿಗೆಗೆ ಇಬ್ಬರು. ಒಬ್ಬನಿಗೆ ವಾಂತಿ, ಒಬ್ಬನಿಗೆ ಫಿಟ್ಸು, ಒಬ್ಬಳ ಗಂಡ ಬಂದು ಮಂಚದ ಕಾಲು ಅಲ್ಲಾಡುತ್ತದೆ ಎಂದು ಜಗಳ. ಆ ಗಲಾಟೆಯಲ್ಲಿ ಬಾಟಲಿಯ ತಳದಿಂದ ಮಾತ್ರೆಯನ್ನು ನಾನು ಎಷ್ಟು ನಯವಾಗಿ ಅರೆಯುತ್ತಿದ್ದೆನೆಂದರೆ ಟ್ಯೂಬು ಒಂದು ದಿನವೂ ಕಟ್ಟಿಕೊಳ್ಳಲಿಲ್ಲ. ಹೊಸ ಹುಡುಗಿಯರನ್ನು ನನ್ನ ಹತ್ತಿರ ಕಳಿಸುತ್ತಿದ್ದರು, ಅರೆಯುವುದನ್ನು ಕಲಿಯಲಿ ಎಂದು. ನಿನ್ನ ಮಹಾರಾಜ, ನಿನ್ನ ಕೆಂಪು ಪೆನ್ನು ಎಲ್ಲರೂ ಸೇರಿ ಒಂದು ಪಾಳಿ ಅಲ್ಲಿ ನಿಂತಿದ್ದರೆ ಮಧ್ಯಾಹ್ನದೊಳಗೆ ಅತ್ತುಕೊಂಡು ಮನೆಗೆ ಹೋಗುತ್ತಿದ್ದರು.

"ಔಷಧಿಯನ್ನು ಯಾರೂ ನೋಡುವುದಿಲ್ಲ" ಎಂದು ಬರೆದಿದ್ದೀ. ಪುಸ್ತಕ ನೋಡಿ ಬರೆದದ್ದೋ, ನಿನ್ನದೇ ಮಾತೋ? ನಾಟಕದ ಮಾತಿನ ಹಾಗಿತ್ತು.

ಇಲ್ಲಿ ಹೊಸ ವಿಷಯವೇನಿಲ್ಲ. ಸಾಯಂಕಾಲ ನಡೆಯಲು ಹೋಗುತ್ತೇನೆ. ಚಿಕ್ಕಮ್ಮ ಬಂದು ತಲೆ ತಿಂದು ಹೋಗುತ್ತಾಳೆ.

ಸುಮ್ಮನೆ ಕೇಳುತ್ತೇನೆ. ಆ ಬಿಪಿ ಮಾತ್ರೆ ಪುಡಿ ಮಾಡಿ ಹಾಕಿದ್ದರೆ ಆಮೇಲೆ ಏನಾಗುತ್ತಿತ್ತು? ಎಷ್ಟು ಹೊತ್ತಿಗೆ? ಹೊರಗಿನಿಂದ ಹೇಗೆ ಕಾಣುತ್ತದೆ? ತಿಳಿದುಕೊಳ್ಳೋಣ ಎಂದು, ಅಷ್ಟೇ. ನೀವು ಓದಿದವರು.

ಅಮ್ಮ


ಜುಲೈ ೧೫

ಅಮ್ಮಾ,

ಅಬ್ಬಾ, ಕೊನೆಗೂ ನನ್ನನ್ನು ಒಂದು ಪ್ರಶ್ನೆ ಕೇಳಿದೆ! ತಾರೀಕು ಬರೆದಿಟ್ಟುಕೊಂಡಿದ್ದೇನೆ.

ಉತ್ತರ ಹೇಳುತ್ತೇನೆ, ಸರಿಯಾಗಿ ಕೇಳಿಸಿಕೋ. ಹಾಕಿದ ಒಂದೆರಡು ಗಂಟೆಯಲ್ಲಿ ಬಿಪಿ ಜಾರಲು ಶುರು. ಬರೀ ಬಿಪಿಯಲ್ಲ, ಆ ಜಾತಿಯ ಮಾತ್ರೆಯಾದರೆ ನಾಡಿಯೂ ನಿಧಾನವಾಗುತ್ತದೆ. ಮೈ ತಣ್ಣಗಾಗಿ ಬೆವರುತ್ತದೆ. ರೋಗಿ ಮಂಪರಿಗೆ ಹೋಗುತ್ತಾನೆ. ಮೊದಲೇ ಮಾತು ಬಾರದವನಾದರೆ ಮಲಗಿದ್ದಾನೆ ಎಂದುಕೊಳ್ಳುತ್ತಾರೆ. ಯಾರೋ ಬಂದು ನಾಡಿ ಹಿಡಿಯುವ ಹೊತ್ತಿಗೆ ಕೈ ಮೀರಿರುತ್ತದೆ. ಡಾಕ್ಟರು ಓಡಿ ಬರುತ್ತಾರೆ, ಹೃದಯ ನಿಂತಿತು ಎಂದು ಬರೆಯುತ್ತಾರೆ, ಮನೆಯವರು ಹಣೆಬರಹ ಎಂದು ಹೊತ್ತುಕೊಂಡು ಹೋಗುತ್ತಾರೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅದೇ ಇದರ ಮಜಾ. ಮಾತ್ರೆ ಬರೆದವರು ಒಳ್ಳೆಯವರು, ಕೊಟ್ಟವರು ಒಳ್ಳೆಯವರು, ಸತ್ತವನು ಮಾತ್ರ ಸತ್ತ.

ಗೊತ್ತಿಲ್ಲದೆ ಮಾಡಿದರು ಅನ್ನಬೇಡ. ಗೊತ್ತಿಲ್ಲ ಎನ್ನುವುದು ಕಾರಣವಲ್ಲ, ಅದೇ ತಪ್ಪು. ಹಾಗೆ ಅರೆಯುವವರನ್ನು ರೋಗಿಯ ಹತ್ತಿರ ಬಿಡಬಾರದು. ಅಡುಗೆಮನೆಗೆ ಕಳಿಸಬೇಕು, ಅಲ್ಲಿ ಎಷ್ಟು ನಯವಾಗಿ ಬೇಕಾದರೂ ಅರೆಯಲಿ.

ನನಗೆ ಮೊದಲ ಪರೀಕ್ಷೆ ಮುಗಿಯಿತು. ಗೈಡ್ ಕೆಂಪು ಪೆನ್ನು ಎರಡೇ ಕಡೆ ಓಡಿಸಿದ್ದಾರೆ.

ನಿನ್ನ ಮಗಳು


ಆಗಸ್ಟ್ ೯

ಅಮ್ಮಾ,

ಮೂರು ವಾರ ಆಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ಕೋಪವೇ? ಕೋಪ ಬಂದರೆ ನೀನು ಜಾಸ್ತಿ ಬರೆಯುವವಳು, ಅದಕ್ಕೇ ಗಾಬರಿ. ಚಿಕ್ಕಮ್ಮನಿಗೆ ಫೋನ್ ಮಾಡಿದ್ದೆ. "ಚೆನ್ನಾಗೇ ಇದಾಳೆ, ಆದ್ರೆ ನಡೆಯಕ್ಕೆ ಹೋಗೋದು ಬಿಟ್ಟಿದಾಳೆ. ಹಳೇ ಟ್ರಂಕು ತೆಗೆದು ಡ್ಯೂಟಿ ಡೈರಿ ಎಲ್ಲಾ ಹರಡ್ಕೊಂಡು ಕೂತಿರ್ತಾಳೆ. ನಾನು ಕೇಳಿದ್ರೆ ಗದರಿಸ್ತಾಳೆ," ಎಂದಳು.

ಏನು ಹುಡುಕುತ್ತಿದ್ದೀ?

ನಿನ್ನ ಮಗಳು


ಸೆಪ್ಟೆಂಬರ್ ೧

ಅಮ್ಮಾ,

ನೀನು ಬರೆಯದಿದ್ದರೂ ನಾನು ಬರೆಯುತ್ತೇನೆ. ನನಗೆ ಉಗಿಯಲು ನಿನಗೊಂದು ಒಳ್ಳೆಯ ಅವಕಾಶ.

ಐದನೇ ಹಾಸಿಗೆಯಲ್ಲಿ ಶಾಲಾ ವ್ಯಾನಿನ ಡ್ರೈವರ್ ಒಬ್ಬರಿದ್ದರು. ನಲವತ್ತೊಂದು ವರ್ಷ. ಕಾಲಿನ ಗಾಯ ಕೀವಾಗಿ ನಂಜು ರಕ್ತಕ್ಕೆ ಏರಿ, ಕಿಡ್ನಿ ಎರಡೂ ನಿಂತಿದ್ದವು. ಒಂಬತ್ತು ದಿನ ವೆಂಟಿಲೇಟರ್ ಮೇಲೆ, ನಿದ್ದೆ ಔಷಧಿಯ ಡ್ರಿಪ್‌ನಲ್ಲಿ ಇಟ್ಟಿದ್ದರು. ಶನಿವಾರ ಡ್ರಿಪ್ ನಿಲ್ಲಿಸಿದರು. ಭಾನುವಾರ ಏಳಲಿಲ್ಲ, ಸೋಮವಾರವೂ ಇಲ್ಲ. ಮಂಗಳವಾರದ ರೌಂಡ್ಸಿನಲ್ಲಿ ಮಹಾರಾಜರು ಕೈ ಹಿಂದೆ ಕಟ್ಟಿಕೊಂಡೇ ತೀರ್ಪು ಕೊಟ್ಟರು: "ಮೆದುಳು ಹೋಗಿದೆ. ಗುರುವಾರ ಮನೆಯವ್ರನ್ನ ಕರೀರಿ, ವೆಂಟಿಲೇಟರ್ ತೆಗೆಯೋ ವಿಷಯ ಮಾತಾಡಿ ಮುಗಿಸೋಣ."

ನನಗೆ ಗೊತ್ತಿತ್ತು ಅಮ್ಮಾ. ಹಿಂದಿನ ವಾರವಷ್ಟೇ ಗೈಡ್ ಹೇಳಿಕೊಟ್ಟಿದ್ದರು. ಆ ನಿದ್ದೆ ಔಷಧಿಯನ್ನು ಲಿವರ್ ಒಡೆದು ಹಾಕುತ್ತದೆ, ಆದರೆ ಒಡೆದ ಚೂರಿಗೂ ನಿದ್ದೆ ತರಿಸುವ ಗುಣ ಉಳಿದಿರುತ್ತದೆ. ಆ ಚೂರು ಮೂತ್ರದಲ್ಲಿ ಹೊರಗೆ ಹೋಗಬೇಕು. ಕಿಡ್ನಿ ನಿಂತರೆ ಹೋಗುವುದೆಲ್ಲಿಗೆ? ಡ್ರಿಪ್ ಕಳಚಿದರೂ ಮನುಷ್ಯನ ಒಳಗೆ ಔಷಧಿ ತುಂಬಿಕೊಂಡೇ ಇರುತ್ತದೆ. ಸ್ಕ್ಯಾನಿನಲ್ಲಿ ಮೆದುಳಿಗೆ ಏನೂ ಆಗಿರಲಿಲ್ಲ. ಅವರು ಸಾಯುತ್ತಿರಲಿಲ್ಲ, ನಿದ್ದೆ ಮಾಡುತ್ತಿದ್ದರು.

ಗೈಡ್ ರಜೆಯಲ್ಲಿದ್ದರು. ನಾನೇ ಬಾಯಿ ಬಿಟ್ಟೆ. "ಸಾರ್, ನಿದ್ದೆ ಔಷಧಿ ಇನ್ನೂ…" ಎನ್ನುವಷ್ಟರಲ್ಲಿ ಮಹಾರಾಜರು ಹುಬ್ಬೇರಿಸಿ, "ಸ್ಟಾಕ್ ಮೇಡಂ, ಡ್ರಿಪ್ ನಿಲ್ಸಿ ಮೂರು ದಿನ ಆಯ್ತು. ನಿಮ್ ಲೆಕ್ಕದ ಪುಸ್ತಕದಲ್ಲಿ ಇನ್ನೂ ಓಡ್ತಾ ಇದ್ಯಾ?" ಎಂದರು. ನಗು. ನಾನೂ ನಕ್ಕೆ. ಈಗ ಉಗಿ. ನಾನೂ ನಕ್ಕು ಆರನೇ ಹಾಸಿಗೆಗೆ ನಡೆದೆ.

ಬುಧವಾರ ಬಾಯಿ ಬಿಡಲಿಲ್ಲ. ಕೇಸ್ ಶೀಟಿನಲ್ಲಿ ಒಂದು ಸಾಲು ಬರೆದೆ; ಯಾರೂ ಓದಲಿಲ್ಲ. ಹೊರಗೆ ಬೆಂಚಿನ ಮೇಲೆ ಅವರ ಹೆಂಡತಿ ನನ್ನ ಬಿಳಿ ಕೋಟು ನೋಡಿ ಎದ್ದು ನಿಂತರು. "ಮೇಡಂ, ನಾಳೆ ಯಾಕೆ ಕರ್ದಿದಾರೆ?" ಎಂದು ಕೇಳಿದರು. ನಾನು, "ಡಾಕ್ಟರ್ ಹೇಳ್ತಾರೆ," ಎಂದು ಮುಂದೆ ಹೋದೆ. ಬೇರೆಯವರನ್ನು ಅಡುಗೆಮನೆಗೆ ಕಳಿಸಬೇಕು ಎಂದವಳು ನಾನು.

ಗುರುವಾರ ಬೆಳಿಗ್ಗೆ ಮತ್ತೆ ಆ ಹಾಸಿಗೆಯ ಮುಂದೆ ನಿಂತೆವು. ನಾನು ಹೇಳಿದೆ. ಈ ಸಲ ಪೂರ್ತಿ ಹೇಳಿದೆ: ಎಷ್ಟು ಡೋಸ್ ಹೋಗಿದೆ, ಕಿಡ್ನಿ ಎಷ್ಟು ದಿನದಿಂದ ನಿಂತಿದೆ, ಇನ್ನೂ ನಾಲ್ಕೈದು ದಿನವಾದರೂ ಕಾಯಬೇಕು. ಮಹಾರಾಜರ ಮುಖ ಕೆಂಪಾಯಿತು. ಆಗ ಯಾರು ಬಾಯಿ ಹಾಕಿದರು ಗೊತ್ತೇ? ಆ ಎತ್ತರದ ಸಿಸ್ಟರ್.

"ಸಾರ್, ನಾನು ಬೆಳಿಗ್ಗೆ ಬಾಯಿ ಒರೆಸೋವಾಗ ಮುಖ ಸಿಂಡರಿಸ್ಕೊಂಡ್ರು. ನಿನ್ನೆ ಹಾಗೆ ಮಾಡಿರ್ಲಿಲ್ಲ. ಈ ಹುಡುಗಿ ಹೇಳೋದು ಕೇಳಿ ಸಾರ್."

ಮಹಾರಾಜರು ಇಬ್ಬರನ್ನೂ ನೋಡಿದರು. "ಸೋಮವಾರದವರೆಗೆ. ಆಮೇಲೆ ನಿಮ್ಮಿಬ್ರ ಹರಿಕಥೆ ಕೇಳಲ್ಲ," ಎಂದರು.

ಭಾನುವಾರ ಮಧ್ಯಾಹ್ನ ಡ್ರೈವರ್ ಕಣ್ಣು ಬಿಟ್ಟರು. ಎರಡು ದಿನ ಬಿಟ್ಟು ಟ್ಯೂಬು ತೆಗೆದಾಗ ಆಡಿದ ಮೊದಲ ಮಾತು, ವ್ಯಾನನ್ನು ಈಗ ಯಾರು ಓಡಿಸುತ್ತಿದ್ದಾರೆ, ಆ ಕುಡುಕನ ಕೈಗೆ ಕೊಟ್ಟರೇನು ಎಂದು ಹೆಂಡತಿಗೆ ಬೈಗುಳ. ಮಹಾರಾಜರು ರೌಂಡ್ಸಿನಲ್ಲಿ, "ನಾನು ಮೊದ್ಲೇ ಹೇಳಿದ್ನಲ್ಲ, ಕಾಯೋಣ ಅಂತ," ಎಂದರು. ಸಣ್ಣ ಡಾಕ್ಟರುಗಳು ತಲೆ ಆಡಿಸಿದರು.

ಗೈಡ್ ರಜೆ ಮುಗಿಸಿ ಬಂದು ಎಲ್ಲ ಕೇಳಿದರು. ಹೊಗಳುತ್ತಾರೆ ಎಂದುಕೊಂಡೆ. "ಮಂಗಳವಾರ ಗೊತ್ತಿತ್ತು, ಗುರುವಾರ ಹೇಳ್ದೆ. ನಡುವೆ ಎರಡು ದಿನ ಏನ್ ಮಾಡ್ತಿದ್ದೆ?" ಎಂದಷ್ಟೇ ಕೇಳಿ ಪೆನ್ನಿನ ಕ್ಯಾಪು ಹಾಕಿದರು.

ಬೈದಾದರೂ ಬರೆ.

ನಿನ್ನ ಮಗಳು


ಸೆಪ್ಟೆಂಬರ್ ೧೨

ಮಗಳೇ,

ಬೈಯುವುದಿಲ್ಲ. ಬೈಯುವ ಹಕ್ಕು ಜುಲೈ ತಿಂಗಳಲ್ಲಿ ಹೋಯಿತು.

ನಿನ್ನ ಹದಿನೈದನೇ ತಾರೀಕಿನ ಕಾಗದ ಬಹಳ ಚೆನ್ನಾಗಿತ್ತು. ಒಂದು ತಪ್ಪಕ್ಷರ ಇರಲಿಲ್ಲ. ಮೈ ತಣ್ಣಗಾಗಿ ಬೆವರುತ್ತದೆ ಎಂದು ಬರೆದಿದ್ದೀ. ಹೌದು, ಬೆವರಿತ್ತು. ಮಾತು ಬಾರದವನಾದರೆ ಮಲಗಿದ್ದಾನೆ ಎಂದುಕೊಳ್ಳುತ್ತಾರೆ ಎಂದು ಬರೆದಿದ್ದೀ. ಹೌದು, ಹಾಗೇ ಅಂದುಕೊಂಡೆ.

ಇಪ್ಪತ್ತಾರು ವರ್ಷದ ಹಿಂದೆ. ನೀನು ಆಗ ಎರಡನೇ ಕ್ಲಾಸೋ ಮೂರನೆಯದೋ. ಹನ್ನೊಂದನೇ ಹಾಸಿಗೆಯಲ್ಲಿ ಒಬ್ಬ ಟೈಲರ್. ಪಾರ್ಶ್ವವಾಯು ಹೊಡೆದು ಮಾತು, ನುಂಗುವುದು ಎರಡೂ ಹೋಗಿತ್ತು. ಮೂಗಿನ ಟ್ಯೂಬಿನಲ್ಲಿ ಆಹಾರ, ಅದರಲ್ಲೇ ಮಾತ್ರೆ. ಆದರೆ ಸುಧಾರಿಸುತ್ತಿದ್ದ. ಬಲಗೈಯ ಹೆಬ್ಬೆರಳು, ತೋರುಬೆರಳು ಕೂಡಿಸುತ್ತಿದ್ದ, ಸೂಜಿ ಹಿಡಿದ ಹಾಗೆ. ಅದನ್ನು ನೋಡಿ ನಾವೆಲ್ಲ ನಗುತ್ತಿದ್ದೆವು. ಬಿಪಿ ಇಳಿಯದೆ ಡಾಕ್ಟರು ಹೊಸ ಮಾತ್ರೆ ಬರೆದರು, ದಿನಕ್ಕೊಂದೇ ಸಾಕು, ಇಡೀ ದಿನ ಕೆಲಸ ಮಾಡುತ್ತದೆ ಎಂದರು. ಕಿಟಕಿಯಿಂದ ತಂದೆ. ಅರೆದೆ. ಚೆನ್ನಾಗಿ ಅರೆದೆ. ಮಧ್ಯಾಹ್ನ ಒಂದಕ್ಕೆ ಹಾಕಿದೆ, ನಾಲ್ಕಕ್ಕೆ ಹೋದ. ಡಾಕ್ಟರು ಹೃದಯ ಎಂದು ಬರೆದರು. ನಾನೂ ಹಾಗೇ ನಂಬಿದೆ. ಮೈ ಒರೆಸಿ ಹೆಂಡತಿಗೆ ಒಪ್ಪಿಸಿದೆ, ನಾಲ್ಕು ಸಮಾಧಾನದ ಮಾತು ಹೇಳಿ ಮನೆಗೆ ಬಂದು ನಿನ್ನ ಮಗ್ಗಿ ಒಪ್ಪಿಸಿಕೊಂಡೆ.

ಡೈರಿಯಲ್ಲಿ ಹುಡುಕಿದ್ದು ಅದನ್ನೇ. ಸಿಕ್ಕಿತು. ಮಾತ್ರೆಯ ಹೆಸರಿದೆ, ಹೊತ್ತಿದೆ, ನನ್ನ ಸಹಿ ಇದೆ. ನೀನು ಬರೆದ ಜಾತಿಯದೇ. ನಿಧಾನವಾಗಿ ಕರಗುವಂಥದ್ದು.

ಅವನೊಬ್ಬನನ್ನು ನೆನಪಿಟ್ಟುಕೊಂಡಿರುವುದು ಆ ಬೆರಳಿನಿಂದ. ಬೆರಳು ಆಡಿಸದವರು ಎಷ್ಟು ಜನ ಇದ್ದರೋ. ಅರೆಯುವುದನ್ನು ನನ್ನ ಹತ್ತಿರ ಕಲಿತ ಹುಡುಗಿಯರು ಎಷ್ಟು ಜನರಿಗೆ ಅರೆದು ಹಾಕಿದರೋ.

ಕಿಟಕಿಯಣ್ಣನಿಗೆ ಗೊತ್ತಿತ್ತೇ ಎಂದು ಎರಡು ತಿಂಗಳಿಂದ ಯೋಚಿಸುತ್ತಿದ್ದೇನೆ. ಗೊತ್ತಿದ್ದಿರಬೇಕು. ಓದಿದವನಲ್ಲವೇ? ಆದರೆ ಟ್ಯೂಬು ಹಾಕಿದ ರೋಗಿ ಮೇಲಿದ್ದ, ಮಾತ್ರೆ ಕೊಡುವವನು ಕೆಳಗಿದ್ದ. ಇದು ಯಾರಿಗೆ ಎಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ನಾವು ಅವನನ್ನು ನೋಡಿ ನಗುತ್ತಿದ್ದೆವು, ಅವನು ನಮ್ಮ ಮುಖವನ್ನೂ ನೋಡುತ್ತಿರಲಿಲ್ಲ. ಚೆನ್ನಾಗಿತ್ತು ನಮ್ಮ ಆಸ್ಪತ್ರೆ.

ಸಮಾಧಾನ ಹೇಳಿ ಬರೆಯಬೇಡ. ನೀನು ಸಮಾಧಾನ ಹೇಳುವ ಶೈಲಿ ನನಗೆ ಹಿಡಿಸುವುದಿಲ್ಲ.

ಅಮ್ಮ


ಸೆಪ್ಟೆಂಬರ್ ೧೯

ಅಮ್ಮಾ,

ಸಮಾಧಾನ ಹೇಳುವುದಿಲ್ಲ. ಗೊತ್ತಿರುವುದನ್ನು ಮಾತ್ರ ಹೇಳುತ್ತೇನೆ.

ನಿನ್ನ ಮಾತ್ರೆಯಿಂದ ಆಗಿರಬಹುದು. ಪಾರ್ಶ್ವವಾಯು ಬಡಿದವರಿಗೆ ಮೊದಲ ವಾರಗಳಲ್ಲಿ ಹೃದಯ ಹಾಗೇ ನಿಲ್ಲುವುದೂ ಉಂಟು. ಹೊತ್ತು ನೋಡಿದರೆ ಮಾತ್ರೆಯ ಕಡೆಗೇ ತೂಕ ಹೆಚ್ಚು. ಖಚಿತವಾಗಿ ಗೊತ್ತಿಲ್ಲ. ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಬಾಯಿಗೆ ಬಂದದ್ದು ಹೇಳಿದರೆ ಗೈಡ್ ನನ್ನನ್ನು ಮನೆಗೆ ಕಳಿಸಬೇಕು, ಅದಕ್ಕೆ ಇಷ್ಟೇ.

ಜುಲೈ ಕಾಗದದ ಆ ಅಡುಗೆಮನೆಯ ಸಾಲುಗಳನ್ನು ನೀನು ಎಷ್ಟು ಸಲ ಓದಿದ್ದೀ ಎಂದು ಊಹಿಸಬಲ್ಲೆ. ನಿನ್ನ ಪ್ರಶ್ನೆ ಬಂದಾಗ ನಾನೊಮ್ಮೆ ನಿಂತು ಯೋಚಿಸಬೇಕಿತ್ತು. ಯಾವತ್ತೂ ಏನನ್ನೂ ಕೇಳದವಳು ಯಾಕೆ ಕೇಳಿದಳು ಎಂದು. ರೋಗಿಯ ಬಗ್ಗೆ ಐದು ಪ್ರಶ್ನೆ ಕಲಿತವಳಿಗೆ ಅಮ್ಮನ ಬಗ್ಗೆ ಒಂದೂ ಹೊಳೆಯಲಿಲ್ಲ. ತಪ್ಪಾಯಿತು.

ಎತ್ತರದ ಸಿಸ್ಟರ್ ಹತ್ತಿರ ಹೋಗಿ ಅವರಿಗೂ ತಪ್ಪಾಯಿತು ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸರಿ ಸರಿ, ಪುಡಿ ಮಾಡಬಾರದ್ದರ ಪಟ್ಟಿ ಬರ್ದು ಮಾತ್ರೆ ಟ್ರಾಲಿ ಮೇಲೆ ಅಂಟ್ಸು. ದೊಡ್ಡ ಅಕ್ಷರದಲ್ಲಿ. ಕನ್ನಡಕ ಹುಡುಕಕ್ಕೆ ನಮಗೆ ಪುರುಸೊತ್ತಿಲ್ಲ," ಎಂದರು. ಮೂರು ಸಲ ಬರೆಸಿದರು. ಮೊದಲೆರಡು ಸಲ ಅಕ್ಷರ ಸಣ್ಣದಾಯಿತಂತೆ.

ಊಟ ಮಾಡುತ್ತಿದ್ದೀಯಾ? ಚಿಕ್ಕಮ್ಮ ಹೇಳಿದ್ದನ್ನು ನಾನು ನಂಬುವುದಿಲ್ಲ.

ನಿನ್ನ ಮಗಳು


ಅಕ್ಟೋಬರ್ ೬

ಮಗಳೇ,

ಟೈಲರನ ಹೆಂಡತಿ ಇದೇ ಊರಿನಲ್ಲಿದ್ದಾಳೆ. ಅದನ್ನು ನಿನಗೆ ಬರೆದಿರಲಿಲ್ಲ. ಅಂಚೆ ಕಚೇರಿಯ ಹಿಂದಿನ ಬೀದಿಯಲ್ಲಿ ಗಂಡನ ಅಂಗಡಿಯನ್ನು ಅವಳೇ ನಡೆಸಿಕೊಂಡು ಬಂದಳು. ಗಂಡ ಸತ್ತ ಮೇಲೆ ಪಾಪ ಎಂದು ನಮ್ಮ ವಾರ್ಡಿನವರೆಲ್ಲ ಯೂನಿಫಾರ್ಮ್ ಅವಳ ಹತ್ತಿರವೇ ಹೊಲಿಸುತ್ತಿದ್ದೆವು. ನಾನು ಕೊನೆಯ ಹತ್ತು ವರ್ಷ ಡ್ಯೂಟಿ ಮಾಡಿದ್ದು ಅವಳು ಹೊಲಿದ ಬಟ್ಟೆಯಲ್ಲಿ. ತೋಳು ಬಿಗಿಯಾಯಿತು ಎಂದು ಒಂದು ಸಲ ಜಗಳವನ್ನೂ ಆಡಿದ್ದೆ.

ಮಂಗಳವಾರ ಹೋದೆ. ಸರಿಯಾಗಿ ಕೇಳಿಸಬೇಕಲ್ಲ, ಆ ಹಾಳು ಯಂತ್ರವನ್ನು ಕಿವಿಗೆ ಹಾಕಿಕೊಂಡೇ ಹೋದೆ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಪರದೆ ಹೊಲಿಯುತ್ತಿದ್ದಳು. "ಬನ್ನಿ ಸಿಸ್ಟರ್, ಎಷ್ಟ್ ವರ್ಷ ಆಯ್ತು!" ಎಂದು ಸ್ಟೂಲು ಎಳೆದಳು. ಕೂರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋದ ಮಾತೆಲ್ಲ ಹಾರಿಹೋಗಿತ್ತು. ಡೈರಿ ತೆಗೆದು ಆ ಪುಟ ತೋರಿಸಿ, ಇದ್ದದ್ದು ಇದ್ದ ಹಾಗೆ ಹೇಳಿದೆ. ಈ ಮಾತ್ರೆಯನ್ನು ಅರೆಯಬಾರದಿತ್ತು, ನಾನು ಅರೆದೆ, ಅದರಿಂದಲೇ ಹೋಗಿರಬಹುದು, ಔಷಧಿಯದೇ ಓದು ಓದುತ್ತಿರುವ ಮಗಳಿಂದ ಈಗ ತಿಳಿಯಿತು ಎಂದೆ.

ಅವಳು ಮಷೀನು ನಿಲ್ಲಿಸಲಿಲ್ಲ. ಪರದೆಯ ಅಂಚು ಮುಗಿಯುವವರೆಗೂ ತುಳಿದಳು. ದಾರ ಕತ್ತರಿಸಿದಳು. ಆಮೇಲೆ ಕೇಳಿದಳು, "ಇರಬಹುದು?"

"ಇರಬಹುದು. ಖಚಿತವಾಗಿ ಗೊತ್ತಿಲ್ಲ."

"ಇಪ್ಪತ್ತಾರು ವರ್ಷ ಆದ್ಮೇಲೆ ಬಂದು, ಬಾಗಿಲಲ್ಲಿ ನಿಂತ್ಕೊಂಡು, ಇರಬಹುದು ಅಂತೀರಾ?"

ಬಾಯಿಗೆ ಬಂದ ಹಾಗೆ ಬೈದಳು. ಅದನ್ನೆಲ್ಲ ಬರೆಯುವುದಿಲ್ಲ. ನಾನು ನಿಂತು ಕೇಳಿದೆ. ಕಿವಿಯ ಯಂತ್ರ ಚೆನ್ನಾಗಿಯೇ ಕೆಲಸ ಮಾಡಿತು, ಒಂದು ಮಾತೂ ತಪ್ಪಲಿಲ್ಲ. ಬೈದು ಬೈದು ಅವಳಿಗೆ ಉಸಿರು ಕಟ್ಟಿತು. ಪರದೆಯಲ್ಲೇ ಮುಖ ಒರೆಸಿಕೊಂಡಳು. ಆಮೇಲೆ ಬೇರೆಯೇ ಧ್ವನಿಯಲ್ಲಿ ಶುರು ಮಾಡಿದಳು.

"ಅವತ್ತು ಹನ್ನೆರಡು ಗಂಟೆಗೆ ನಾನು ಬಂದಿದ್ದೆ ನೋಡಕ್ಕೆ. ನನಗೂ ಸಾಕಾಗಿತ್ತು ಸಿಸ್ಟರ್. ಒಂದು ತಿಂಗಳು ಆಸ್ಪತ್ರೆ, ಅಂಗಡಿ ಅಂತ ಓಡಾಡಿ. ಅವರ ಮುಂದೇನೇ ಅಂದ್ಬಿಟ್ಟೆ, ನನ್ ಕೈಲಿ ಆಗಲ್ಲ, ಡಿಸ್ಚಾರ್ಜ್ ಆದ್ಮೇಲೆ ನಿನ್ ತಮ್ಮನ ಮನೆಗೆ ಕಳಿಸ್ತೀನಿ, ಅವ್ನೇ ನೋಡ್ಕೊಳ್ಲಿ ಅಂತ. ಅವ್ರು ಮಾತಾಡಕ್ಕಾಗಲ್ವಲ್ಲ. ಸುಮ್ನೆ ನೋಡಿದ್ರು. ನಾಲ್ಕು ಗಂಟೆಗೆ ಹೋದ್ರು."

ನಾನು ಡೈರಿ ಮುಚ್ಚಿದೆ.

"ಆ ಮಾತು ಕೇಳೇ ಎದೆ ಒಡೀತು ಅಂತ ಇಷ್ಟು ವರ್ಷ ನಾನು… ನನ್ ಮಕ್ಕಳಿಗೂ ಹೇಳಿಲ್ಲ ಇದನ್ನ. ನೀವು ಆವಾಗ್ಲೇ ಯಾಕ್ ಹೇಳ್ಲಿಲ್ಲ?"

"ಆವಾಗ ನನಗೆ ಗೊತ್ತಿರ್ಲಿಲ್ಲ."

"ಗೊತ್ತಿರ್ಲಿಲ್ಲ," ಎಂದು ನನ್ನದೇ ಧ್ವನಿಯಲ್ಲಿ ಅಣಕಿಸಿದಳು. ಸರಿಯಾಗಿಯೇ ಅಣಕಿಸಿದಳು.

ಹೊರಡಲು ತಿರುಗಿದೆ. "ನಿಂತ್ಕೊಳ್ಳಿ," ಎಂದಳು. ಒಳಗೆ ಹೋಗಿ ಒಂದು ಬಟ್ಟೆಯ ಚೀಲ ತಂದು ಕತ್ತರಿಸುವ ಮೇಜಿನ ಮೇಲೆ ಸುರಿದಳು. ಮಾತ್ರೆಗಳು. ಮೂರು ಡಾಕ್ಟರು ಬರೆದ ಏಳು ಬಗೆ. ಸಕ್ಕರೆಯದೊಂದು ಕಡೆ, ಬಿಪಿಯದೊಂದು ಕಡೆ, ಮಂಡಿಯದೊಂದು ಕಡೆ.

"ಮೂರು ತಿಂಗಳಿಂದ ತಲೆ ತಿರುಗುತ್ತೆ. ಕೇಳಿದ್ರೆ ವಯಸ್ಸಾಯ್ತು ಅಂತಾರೆ. ನಿಮ್ ಮಗಳು ಇದನ್ನೇ ಓದ್ತಿದಾಳೆ ಅಂದ್ರಲ್ಲ? ನಿಮ್ಮನ್ನ ನಂಬಿ ಕೊಡ್ತಿಲ್ಲ. ನಿಮ್ ಮುಖಾನೂ ನೋಡೋ ಹಾಗಿಲ್ಲ ನಾನು. ಅವಳನ್ನ ಕೇಳಿ."

ಅಲ್ಲೇ ನಿಂತು ಏಳರ ಹೆಸರನ್ನೂ ಡೋಸನ್ನೂ ಬರೆದುಕೊಂಡೆ. ಯಾವುದನ್ನು ಎಷ್ಟು ಹೊತ್ತಿಗೆ ನುಂಗುತ್ತಾಳೆ, ಊಟಕ್ಕೆ ಮೊದಲೋ ಆಮೇಲೋ, ಕೊನೆಯ ಸಲ ರಕ್ತ ಪರೀಕ್ಷೆ ಮಾಡಿಸಿದ್ದು ಯಾವಾಗ, ಎಲ್ಲ ಕೇಳಿದೆ. ಒಂದು ಮಾತ್ರೆಯನ್ನು ಅವಳು ಎರಡು ಹೋಳು ಮಾಡಿ ನುಂಗುತ್ತಾಳೆ, ಗಂಟಲಲ್ಲಿ ಸಿಕ್ಕುತ್ತದೆಂದು. ಅದರ ಪಕ್ಕದಲ್ಲಿ ಗುರುತು ಹಾಕಿದ್ದೇನೆ. ಎರಡು ಮಾತ್ರೆಯ ಸ್ಟ್ರಿಪ್ಪಿನ ಮೇಲೆ ಸಣ್ಣ ಅಕ್ಷರದಲ್ಲಿ ಒಂದೇ ಔಷಧಿಯ ಹೆಸರಿದ್ದ ಹಾಗೆ ಕಾಣಿಸಿತು, ಆದರೆ ಬಾಯಿ ಬಿಡಲಿಲ್ಲ. ನನ್ನ ಕಣ್ಣನ್ನು ಈಗ ನಾನೇ ನಂಬುವುದಿಲ್ಲ.

ಪಟ್ಟಿ ಜೊತೆಗೆ ಇಟ್ಟಿದ್ದೇನೆ. ಮಹಾರಾಜನಿಗೆ ತೋರಿಸಬೇಡ, ಕೆಂಪು ಪೆನ್ನಿಗೂ ಬೇಡ. ನೀನು ನೋಡು. ನೋಡಿ, ಅವಳು ಯಾವ ಡಾಕ್ಟರ ಹತ್ತಿರ ಹೋಗಬೇಕು, ಏನು ಕೇಳಬೇಕು, ಅವಳ ಹೆಸರಿಗೇ ಕಾಗದ ಬರೆದು ಹಾಕು. ಇವತ್ತೇ ಬರೆ. ಎರಡು ದಿನ ಕೂತು ಯೋಚಿಸಬೇಡ.

ಅಮ್ಮ